ಹಾಲಿನ ಪುಡಿ ಎಕ್ಸ್‌ಪೋರ್ಟ್: ರೇಟಿಗಿಂತ ಮೊದಲು ಕೇಳೋ ಪ್ರಶ್ನೆ

ನಾನು ಒಂದು ಪ್ರೈವೇಟ್ ಡೇರಿಯ ಎಕ್ಸ್‌ಪೋರ್ಟ್ ಸೆಕ್ಷನ್ನಲ್ಲಿದೀನಿ, ಹಾಲಿನ ಪುಡಿ, ತುಪ್ಪ, ಸ್ವಲ್ಪ ಬೆಣ್ಣೆ. ಊರಲ್ಲಿ ಮದುವೆ ಮುಂಜಿಗೆ ಹೋದ್ರೆ ಎಲ್ಲಾರೂ ಕೇಳೋದು ಒಂದೇ, ಪ್ರಪಂಚದಲ್ಲೇ ಜಾಸ್ತಿ ಹಾಲು ನಮ್ದು ಅಂತಾರಲ್ಲ, ಮತ್ಯಾಕೆ ಹೊರದೇಶದ ಮಾರ್ಕೆಟ್ಟಲ್ಲಿ ನಮ್ಮ ಹೆಸ್ರೇ ಕೇಳ್ಸಲ್ಲ? ವರ್ಷಕ್ಕೆ 23 ಕೋಟಿ ಟನ್ ದಾಟುತ್ತೆ, ಅದು ನಿಜ, ಆದ್ರೆ ಕುಡಿಯೋರೂ ನಾವೇ ಅಲ್ವಾ. ನ್ಯೂಜಿಲೆಂಡ್‌ನೋರು ಕರೆದ ಹಾಲಲ್ಲಿ ಹತ್ರತ್ರ ಶೇ. 95ರಷ್ಟು ಹೊರಗೆ ಮಾರ್ತಾರೆ, ಹಸು ಯಾವ ತಿಂಗಳು ಕರು ಹಾಕ್ಬೇಕು ಅನ್ನೋದರಿಂದ ಹಿಡಿದು ಎಲ್ಲಾನೂ ಎಕ್ಸ್‌ಪೋರ್ಟ್‌ಗೆ ಅಂತಾನೇ ಹೊಂದಿಸ್ಕೊಂಡಿದಾರೆ. ನಮ್ಮಲ್ಲಿ ಎರಡು ಮೂರು ಹಸು ಇಟ್ಕೊಂಡಿರೋ ಮನೆಗಳಿಂದ ಹಾಲು ಬರುತ್ತೆ, ಬೆಳಗ್ಗೆ ಪ್ಯಾಕೆಟ್ಟಿಗೆ ಹೋಗುತ್ತೆ, ಮಿಕ್ಕಿದ್ರೆ ಪುಡಿ.

ರೇಟಂತೂ ನಮ್ಮ ಕೈಲಿಲ್ಲ. ಗ್ಲೋಬಲ್ ಡೇರಿ ಟ್ರೇಡ್ ಅಂತ ಒಂದು ಆನ್‌ಲೈನ್ ಹರಾಜಿದೆ, 2008ರಲ್ಲಿ ನ್ಯೂಜಿಲೆಂಡ್‌ನ ದೊಡ್ಡ ಡೇರಿ ಕಂಪನಿ ಫಾಂಟೆರಾದೋರು ಶುರು ಮಾಡಿದ್ದು, ಎರಡು ವಾರಕ್ಕೊಂದ್ಸಲ ಮಂಗಳವಾರ ನಡೆಯುತ್ತೆ, ಅವತ್ತು ಅಲ್ಲಿ ಬಂದ ನಂಬರೇ ಮುಂದಿನ ಹದಿನೈದು ದಿನ ಎಲ್ಲಾ ಖರೀದಿದಾರರ ಬಾಯಲ್ಲಿ. 2022ರ ಏಪ್ರಿಲ್‌ನಲ್ಲಿ ಕೆನೆರಹಿತ ಪುಡಿ ಟನ್ನಿಗೆ 4,500 ಡಾಲರ್ ಹತ್ರ ಹೋಗಿತ್ತು, ನಮ್ಮ ಫೋನಿಗೆ ಬಿಡುವೇ ಇರ್ಲಿಲ್ಲ. 2023ರ ಆಗಸ್ಟ್‌ಗೆ ಅದೇ ಪುಡಿ 2,500ಕ್ಕಿಂತ ಕೆಳಗೆ, ಅಂದ್ರೆ ಆಗಿನ ಡಾಲರ್ ಲೆಕ್ಕದಲ್ಲಿ ಕೆಜಿಗೆ ಇನ್ನೂರು ರೂಪಾಯಿ ಆಚೀಚೆ, ಇಲ್ಲಿ ಸ್ವೀಟ್ ಮಾಡೋರು ಐಸ್‌ಕ್ರೀಮ್ ಮಾಡೋರೇ ಅದಕ್ಕಿಂತ ಜಾಸ್ತಿ ಕೊಡ್ತಿದ್ರು. ಆಗ ನಮ್ಮ ಕಡೆಯೋರು ಸುಮಾರು ಜನ ಮಾಡಿದ್ದೇನಂದ್ರೆ ಹೊರದೇಶದ ಮೇಲ್‌ಗೆ ಉತ್ತರ ಕೊಡೋದನ್ನೇ ನಿಲ್ಲಿಸ್ಬಿಟ್ರು.

ಖರೀದಿದಾರ ಇದನ್ನ ಮರೆಯಲ್ಲ. ಅವರಿಗೆ ನಮ್ಮ ಬಗ್ಗೆ ಮೊದಲೇ ಒಂದು ಅನುಮಾನ ಇದೆ, 2011ರ ಫೆಬ್ರವರಿಯಲ್ಲಿ ದೇಶದೊಳಗೆ ಹಾಲಿನ ರೇಟು ಏರ್ತಿದೆ ಅಂತ ಸರ್ಕಾರ ಪುಡಿ ರಫ್ತನ್ನೇ ಬ್ಯಾನ್ ಮಾಡಿತ್ತು, ತೆಗೆದಿದ್ದು 2012ರ ಜೂನ್‌ನಲ್ಲಿ. ಅಷ್ಟು ದಿನ ಯಾವ ಬಿಸ್ಕೆಟ್ ಫ್ಯಾಕ್ಟರಿ ಕಾಯುತ್ತೆ ಹೇಳಿ. ಇವತ್ತಿಗೂ ಹಳೇ ಟ್ರೇಡರ್‌ಗಳು ನಗ್ತಾ ಕೇಳ್ತಾರೆ, ಈ ಸಲ ನಿಮ್ಮ ಸರ್ಕಾರ ಬಿಡುತ್ತಾ ಅಂತ. ನಗ್ತಾನೇ ಕೇಳ್ತಾರೆ, ಆದ್ರೆ ಟನ್ನಿಗೆ ಐವತ್ತು ಡಾಲರ್ ಕಮ್ಮಿ ಕೋಟ್ ಮಾಡಿರ್ತಾರೆ.

ನನ್ನ ಕಣ್ಣು ತೆರೆಸಿದ್ದು ಆಗ್ನೇಯ ಏಷ್ಯಾದ ಒಬ್ಬ ಖರೀದಿದಾರರು. ಅವರದ್ದು ಕಂಡೆನ್ಸ್ಡ್ ಮಿಲ್ಕ್ ಫ್ಯಾಕ್ಟರಿ, ಪುಡಿಗೆ ನೀರು, ಸಕ್ಕರೆ, ಎಣ್ಣೆ ಸೇರಿಸಿ ಡಬ್ಬಿ ತುಂಬೋದು. ಅವರ ಟೆಕ್ನಿಕಲ್ ಮೇಡಂ ಪ್ಲಾಂಟಿಗೆ ಬಂದ್ರು, ರೇಟಿನ ಮಾತೇ ಇಲ್ಲ, ಒಂದು ವರ್ಷದ ಲ್ಯಾಬ್ ರಿಪೋರ್ಟ್ ಕೊಡಿ ಅಂದ್ರು. ಫ್ಯಾಟ್, ತೇವಾಂಶ, ಪ್ರೋಟೀನ್ ಕಡೆ ಕಣ್ಣೂ ಹಾಯಿಸ್ಲಿಲ್ಲ, ಅದೆಲ್ಲಾ ಕೋಡೆಕ್ಸ್, ಅಂದ್ರೆ ಆಹಾರದ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್, ಅದರ ಪ್ರಕಾರ ಸರಿ ಇರುತ್ತೆ ಅಂತ ಅವರಿಗೆ ಗೊತ್ತು. ಪೆನ್ ಇಟ್ಟಿದ್ದು ಡಬ್ಲ್ಯೂಪಿಎನ್‌ಐ ಅನ್ನೋ ಕಾಲಮ್ ಮೇಲೆ. ಕಾಸಿದ ಮೇಲೂ ಕೆಡದೆ ಉಳಿದ ವೇ ಪ್ರೋಟೀನಿನ ಅಳತೆ, ಅಂದ್ರೆ ಹಾಲನ್ನ ಎಷ್ಟು ಕಾಸಿದೀವಿ ಅನ್ನೋದರ ಜಾತಕ ಅದು, 6ಕ್ಕೆ ಮೇಲಿದ್ರೆ ಲೋ ಹೀಟ್, 1.5ಕ್ಕೆ ಕೆಳಗಿದ್ರೆ ಹೈ ಹೀಟ್, ನಡುವೆ ಇರೋದೆಲ್ಲಾ ಮೀಡಿಯಂ. ನಮ್ದು ಒಂದು ಲಾಟ್ 2.8 ಇದ್ರೆ ಇನ್ನೊಂದು 5 ಮೇಲೆ. ಎರಡೂ ಮೀಡಿಯಮ್ಮೇ ಮೇಡಂ, ಸ್ಪೆಕ್ ಒಳಗೇ ಇದೆ ಅಂದೆ. ಸ್ಪೆಕ್ ಒಳಗಿದೆ, ನನ್ನ ಡಬ್ಬಿ ಒಳಗೆ ಇಲ್ಲ ಅಂದ್ರು! ಪುಡಿ ಹೀಗೆ ಮೇಲೆ ಕೆಳಗೆ ಆದ್ರೆ ಅವರ ಹಾಲು ಒಂದು ಬ್ಯಾಚಲ್ಲಿ ತೆಳ್ಳಗಾಗುತ್ತಂತೆ, ಇನ್ನೊಂದು ಬ್ಯಾಚು ಗೋಡೌನಲ್ಲೇ ಗಟ್ಟಿಯಾಗುತ್ತಂತೆ.

ಅವತ್ತೇ ಶಿಫ್ಟ್ ಆಪರೇಟರ್‌ನ ಕೇಳ್ದೆ. "ಸಾರ್, ಸೀಸನ್ನಲ್ಲಿ ಹಾಲು ಜಾಸ್ತಿ ಬಂದಾಗ ಲೈನ್ ಸ್ಪೀಡ್ ಮಾಡ್ತೀವಿ, ಇಲ್ದಿದ್ರೆ ಟ್ಯಾಂಕರ್ ಗೇಟಲ್ಲೇ ನಿಲ್ಲುತ್ತೆ" ಅಂದ್ರು. ಅವರು ಹೇಳಿದ್ದು ಸರಿನೇ. ಸ್ಪೀಡ್ ಮಾಡಿದ್ರೆ ನೀರು ಆವಿ ಮಾಡೋ ಇವಾಪರೇಟರ್‌ಗೆ ಹೋಗೋಕೆ ಮುಂಚೆ ಹಾಲು ಬಿಸಿಯಲ್ಲಿ ನಿಲ್ಲೋ ಟೈಮ್ ಕಮ್ಮಿ ಆಗುತ್ತೆ, ಡಬ್ಲ್ಯೂಪಿಎನ್‌ಐ ನಂಬರ್ ಮೇಲೆ ಹೋಗುತ್ತೆ. ಈಗ ಎಕ್ಸ್‌ಪೋರ್ಟ್ ಲಾಟ್‌ಗೆ ಬೇರೆನೇ ರನ್ ಇಟ್ಟಿದೀವಿ, ಟೆಂಪರೇಚರ್, ಫ್ಲೋ ಎರಡೂ ಫಿಕ್ಸ್, ಯಾರೂ ಮುಟ್ಟಂಗಿಲ್ಲ. ಹೊಸ ಮೆಷಿನ್ ಒಂದೂ ತಂದಿಲ್ಲ, ಟ್ಯಾಂಕರ್ ಪ್ಲಾನಿಂಗ್ ಮಾಡೋರ ಜೊತೆ ಜಗಳ ಮಾತ್ರ ತಪ್ಪಿಲ್ಲ.

ಇದಕ್ಕಿಂತ ಕಷ್ಟದ್ದು ಅಫ್ಲಾಟಾಕ್ಸಿನ್, ಬೂಷ್ಟಿಂದ ಬರೋ ವಿಷ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ತಿಂದ ಹಸುವಿನ ಹಾಲಲ್ಲಿ ಆ ವಿಷ ಎಂ1 ಅನ್ನೋ ರೂಪದಲ್ಲಿ ಬರುತ್ತೆ, ಕಾಸಿದ್ರೂ ಹೋಗಲ್ಲ. ನಮ್ಮಲ್ಲಿ ಮತ್ತು ಕೋಡೆಕ್ಸಲ್ಲಿ ಹಾಲಿಗೆ ಲಿಮಿಟ್ ಕೆಜಿಗೆ 0.5 ಮೈಕ್ರೋಗ್ರಾಂ, ಯೂರೋಪಲ್ಲಿ 0.05, ಹತ್ತು ಪಟ್ಟು ಬಿಗಿ. ನಾವು ಯೂರೋಪಿಗೆ ಕಳಿಸಲ್ಲ, ಆದ್ರೂ ಬೇರೆ ಕಡೆಯ ದೊಡ್ಡ ಖರೀದಿದಾರರು ಅದೇ ನಂಬರ್ ಕೇಳೋಕೆ ಶುರು ಮಾಡಿದಾರೆ. ಪ್ಲಾಂಟಲ್ಲಿ ಕೂತು ಏನೂ ಮಾಡಕ್ಕಾಗಲ್ಲ, ಹಾಲು ತರೋ ಒಂದೊಂದು ರೂಟಿನ ಹಾಲನ್ನೂ ಟೆಸ್ಟ್ ಮಾಡಿ, ಜಾಸ್ತಿ ಬಂದ ಕಡೆ ಹೋಗಿ, ಮಳೆಗಾಲದಲ್ಲಿ ಹಿಂಡಿ ಮೂಟೆ ನೆಲದ ಮೇಲೆ ಇಡ್ಬೇಡಿ, ಅಡ್ಡ ಹಲಗೆ ಹಾಕಿ ಅಂತ ಹೇಳ್ಬೇಕು. ಬೂಷ್ಟು ಹಿಡಿದ ಮೂಟೆ ಬಿಸಾಕಿ ಅಂದ್ರೆ ದುಡ್ಡು ಯಾರು ಕೊಡ್ತಾರೆ ಅಂತ ರೈತರು ಕೇಳ್ತಾರೆ, ನ್ಯಾಯವಾದ ಪ್ರಶ್ನೆ, ಅದಕ್ಕೇ ಆ ರೂಟ್‌ಗಳಲ್ಲಿ ಕಂಪನಿನೇ ಹಿಂಡಿ ಬದಲಿಸಿ ಕೊಡುತ್ತೆ. ಒಂದು ಕಂಟೇನರ್ ರಿಜೆಕ್ಟ್ ಆಗೋ ಖರ್ಚಿನ ಮುಂದೆ ಇದು ಏನೂ ಅಲ್ಲ.

ಸಬ್ಸಿಡಿ ನೆಚ್ಕೊಂಡು ಪ್ಲಾನ್ ಮಾಡೋದು ಬೇಡ ಅನ್ನೋದು ನನ್ನ ಅಭಿಪ್ರಾಯ. 2018ರಲ್ಲಿ ಸರ್ಕಾರ ಎಂಇಐಎಸ್ ಅನ್ನೋ ರಫ್ತು ಸ್ಕೀಮಿನ ಇನ್ಸೆಂಟಿವ್ ಏರಿಸಿದಾಗ ಎಲ್ಲಾರೂ ಎಕ್ಸ್‌ಪೋರ್ಟರ್‌ಗಳೇ, 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯೂಟಿಓ) ಪ್ಯಾನೆಲ್ ಆ ಸ್ಕೀಮ್ ನಿಯಮದ ವಿರುದ್ಧ ಅಂತು, 2021ರಿಂದ ಅದರ ಜಾಗಕ್ಕೆ ರೋಡ್‌ಟೆಪ್ ಬಂತು, ರಫ್ತು ಮಾಲಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಕೊಡೋ ಸ್ಕೀಮ್.

ತುಪ್ಪದ ಕಥೆ ಬೇರೆ, ಅಲ್ಲಿ ನಮ್ಮೋರೇ ಗಿರಾಕಿಗಳು, ದುಬೈನಲ್ಲಿರೋರು ಡಬ್ಬಿ ಮುಚ್ಚಳ ತೆಗೆದು ಮೊದಲು ನೋಡೋದು ಹರಳು ಕಟ್ಟಿದೆಯಾ ಅಂತ. ಬೇಸಿಗೆಯಲ್ಲಿ ಕಂಟೇನರ್ ಕಾದು ತುಪ್ಪ ಕರಗಿ ಮತ್ತೆ ಗಟ್ಟಿಯಾದ್ರೆ ಮೇಲೆ ಎಣ್ಣೆ ಕೆಳಗೆ ಗಸಿ ಥರ ಕೂತ್ಕೊಳುತ್ತೆ, ಹಾಳಾಗಿರಲ್ಲ, ಆದ್ರೂ ಕಂಪ್ಲೇಂಟ್ ಗ್ಯಾರಂಟಿ. ಸಾಧ್ಯ ಆದಷ್ಟು ಸ್ಟಾಕನ್ನ ಬಿಸಿಲು ಏರೋಕೆ ಮುಂಚೆನೇ ಕಳಿಸ್ತೀವಿ.

ಪುಡಿಯಲ್ಲಿ ಈಗ ಆಫೀಸಲ್ಲಿ ನಡೀತಿರೋ ವಾದ ಏನಂದ್ರೆ, ಹೊರಗಿನ ರೇಟು ಬಿದ್ದಾಗಲೂ ಇಬ್ಬರು ಖರೀದಿದಾರರಿಗೆ ತಿಂಗಳಿಗೊಂದು ಕಂಟೇನರ್ ಕಳಿಸ್ತಾನೇ ಇರ್ಬೇಕು ಅಂತ ನಾನು, ಇಲ್ಲಿ ಮಾರಿದ್ರೆ ಕೆಜಿಗೆ ಇಷ್ಟು ಜಾಸ್ತಿ ಸಿಗ್ತಿತ್ತು ಅಂತ ಫೈನಾನ್ಸ್ ಮೇಡಂ ಪ್ರತಿ ಮೀಟಿಂಗಲ್ಲಿ ಶೀಟ್ ತೋರಿಸ್ತಾರೆ. ಅವರ ಲೆಕ್ಕ ತಪ್ಪಿಲ್ಲ. ನಾನು ಕೇಳ್ತಿರೋದು ಆ ನಷ್ಟನ ಮಾರ್ಕೆಟಿಂಗ್ ಖರ್ಚು ಅಂತ ಬರ್ಕೊಳ್ಳಿ ಅಂತ. ಸದ್ಯಕ್ಕೆ ಒಂದು ವರ್ಷಕ್ಕೆ ಒಪ್ಪಿದಾರೆ, ಇಬ್ಬರು ಬೇಡ ಒಬ್ಬರು ಸಾಕು ಅಂದಿದಾರೆ, ಆ ಒಬ್ಬರು ಕಂಡೆನ್ಸ್ಡ್ ಮಿಲ್ಕ್‌ನೋರು.