ವೀಸಾಕ್ಕೆಂದು ಕೊಂಡ ವಿಮೆ ಆಸ್ಪತ್ರೆಯಲ್ಲೂ ನಡೆಯಬೇಕಲ್ಲ

ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾಕ್ಕೆ, ಅರ್ಜಿ ಹಾಕುವವರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ತೋರಿಸಲೇಬೇಕು. ಅದು ಷೆಂಗೆನ್‌ನ 29 ದೇಶಗಳಲ್ಲೂ ನಡೆಯಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಕಾಯಿಲೆ ಬಿದ್ದವರನ್ನು ಊರಿಗೆ ಕಳಿಸುವ ಖರ್ಚು, ಅಲ್ಲೇ ತೀರಿಕೊಂಡರೆ ಪಾರ್ಥಿವ ಶರೀರ ತರಿಸುವ ಖರ್ಚು, ಇಷ್ಟೂ ಅದರಲ್ಲಿರಬೇಕು. ಹಾಗಾಗಿ ಸ್ವಿಟ್ಜರ್ಲೆಂಡ್, ಪ್ಯಾರಿಸ್ ಟೂರಿಗೆ ಹೊರಟ ನಮ್ಮವರ ಹತ್ತಿರ ಒಂದು ಪಾಲಿಸಿಯಂತೂ ಇರುತ್ತದೆ. ಎಷ್ಟೋ ಸಲ ಅದು ಏಜೆಂಟರು ಹುಡುಕಿಕೊಟ್ಟ ಅಗ್ಗದ ಪಾಲಿಸಿ. ವೀಸಾ ಬಂದ ಮೇಲೆ ಆ ಪಿಡಿಎಫ್ ಅನ್ನು ಯಾರೂ ತೆರೆಯುವುದಿಲ್ಲ. ಥಾಯ್ಲೆಂಡ್, ವಿಯೆಟ್ನಾಂ, ಬಾಲಿಗೆ ಹೊರಟವರಲ್ಲಿ ಎಷ್ಟೋ ಮಂದಿ ಅದನ್ನೂ ಮಾಡಿಸುವುದಿಲ್ಲ. ಕೇಳುವವರಿಲ್ಲವಲ್ಲ.

ಮನೆಯಲ್ಲಿ ಹತ್ತು ಲಕ್ಷದ ಫ್ಯಾಮಿಲಿ ಫ್ಲೋಟರ್ (ಇಡೀ ಮನೆಗೆ ಒಂದೇ ಆರೋಗ್ಯ ವಿಮೆ) ಇದೆಯೆಂಬ ಧೈರ್ಯ ಇಲ್ಲಿ ಸಲ್ಲದು. ಅದು ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ, ಕಂಪನಿಯ ಗ್ರೂಪ್ ಮೆಡಿಕ್ಲೇಮೂ ಹಾಗೆಯೇ. ಕ್ರೆಡಿಟ್ ಕಾರ್ಡಿನ ಜೊತೆ ಬರುವುದು ಹೆಚ್ಚಾಗಿ ವಿಮಾನ ಅಪಘಾತದ ವಿಮೆ. ಹೋಟೆಲಿನಲ್ಲಿ ಜಾರಿಬಿದ್ದು ಸೊಂಟ ಮುರಿದರೆ ಅದರಿಂದ ಏನೂ ಸಿಗುವುದಿಲ್ಲ.

ಕ್ಲೇಮುಗಳು ಬಿದ್ದುಹೋಗುವ ದೊಡ್ಡ ಕಾರಣ ಬಿಪಿ ಮತ್ತು ಶುಗರ್. ವಿಮೆ ಕೊಳ್ಳುವಾಗ ತುಂಬುವ ಪ್ರೊಪೋಸಲ್ ಫಾರಂನಲ್ಲಿ ‘ಈಗಾಗಲೇ ಇರುವ ಕಾಯಿಲೆ’ ಎಂಬಲ್ಲಿ ‘ಇಲ್ಲ’ ಒತ್ತಿಬಿಡುತ್ತಾರೆ. ಪ್ರೀಮಿಯಂ ಕಡಿಮೆಯಾಗುತ್ತದೆ, ಫಾರಂ ಬೇಗ ಮುಗಿಯುತ್ತದೆ. ಆಮೇಲೆ ಅಲ್ಲಿ ಎದೆನೋವು ಬಂದಾಗ ಡಾಕ್ಟರು ಮೊದಲು ಕೇಳುವುದೇ ಯಾವ ಮಾತ್ರೆ ತಗೊಳ್ತೀರಿ, ಎಷ್ಟು ವರ್ಷದಿಂದ ಅಂತ. ಜೀವದ ಪ್ರಶ್ನೆ, ಸುಳ್ಳು ಹೇಳುವಂತಿಲ್ಲ, ಹೇಳಲೂಬಾರದು. ‘ಹತ್ತು ವರ್ಷದಿಂದ ಶುಗರ್’ ಎಂದದ್ದು ಕೇಸ್ ಶೀಟ್‌ನ ಮೊದಲ ಪುಟದಲ್ಲೇ ದಾಖಲಾಗುತ್ತದೆ. ವಿಮಾ ಕಂಪನಿ ಹಣ ಕೊಡುವ ಮುಂಚೆ ತರಿಸಿಕೊಳ್ಳುವುದು ಅದೇ ಪುಟವನ್ನು. ಡಾಕ್ಟರಿಗೆ ಹೇಳಲೇಬೇಕಾದದ್ದನ್ನು ಫಾರಂನಲ್ಲೂ ಬರೆದರೆ ಪ್ರೀಮಿಯಂ ಏರಬಹುದು, ಆದರೆ ಕಾಯಿಲೆ ಮುಚ್ಚಿಟ್ಟರು ಎಂಬ ಕಾರಣಕ್ಕೆ ಕ್ಲೇಮು ಬೀಳುವುದಿಲ್ಲ. ಬರೆದ ಮೇಲೂ ಒಂದು ವಿಷಯ ನೋಡಿಕೊಳ್ಳಬೇಕು: ಹಳೆಯ ಕಾಯಿಲೆಗೆ ಹಲವು ಪಾಲಿಸಿಗಳು ಜೀವಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಟ್ಟು ಮೊತ್ತದ ಒಂದು ಪಾಲಷ್ಟೇ ಕೊಡುತ್ತವೆ.

ಅರವತ್ತು ದಾಟಿದವರಿಗೆ ಇನ್ನೊಂದು ತೊಡಕು, ಸಬ್‌ಲಿಮಿಟ್. ಮುಖಪುಟದಲ್ಲಿ ಒಂದು ಲಕ್ಷ ಡಾಲರ್ ಎಂದಿದ್ದರೂ ರೂಮಿಗೆ ದಿನಕ್ಕೆ ಇಷ್ಟೇ, ಐಸಿಯುಗೆ ಇಷ್ಟೇ, ಆಪರೇಷನ್‌ಗೆ ಇಷ್ಟೇ ಎಂದು ಒಳಪುಟದಲ್ಲಿ ಕಟ್ಟುಹಾಕಿರುತ್ತಾರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮನಿಗೆ ಸಬ್‌ಲಿಮಿಟ್ ಇಲ್ಲದ ಪ್ಲಾನೇ ಬೇಕು. ಅಲ್ಲಿನ ಆಸ್ಪತ್ರೆ ಬಿಲ್ಲಿಗೆ 50,000 ಡಾಲರ್ ಸಾಲದು, 2.5 ಲಕ್ಷ ಡಾಲರ್‌ಗಿಂತ ಕೆಳಗೆ ಇಳಿಯಬೇಡಿ. ಡಿಡಕ್ಟಿಬಲ್, ಅಂದರೆ ಮೊದಲು ನಮ್ಮ ಕೈಯಿಂದ ಹೋಗುವ ಪಾಲು, 100 ಡಾಲರ್‌ನಷ್ಟಿದ್ದರೆ ತೊಂದರೆಯಿಲ್ಲ.

ಆಸ್ಪತ್ರೆಗೆ ಸೇರಿಸಬೇಕಾದಾಗ ವಿಮೆಯ ಸಹಾಯವಾಣಿಗೆ ಆದಷ್ಟು ಬೇಗ ತಿಳಿಸಬೇಕು, ಹಲವು ಪಾಲಿಸಿಗಳು 24 ಗಂಟೆಯ ಗಡುವು ಹಾಕಿರುತ್ತವೆ. ಅವರು ಆಸ್ಪತ್ರೆಗೆ ಪಾವತಿಯ ಭರವಸೆ ಪತ್ರ ಕಳಿಸಿದರೆ ಮಾತ್ರ ಕ್ಯಾಶ್‌ಲೆಸ್. ನಮ್ಮ 1800ರ ಟೋಲ್ ಫ್ರೀ ನಂಬರುಗಳು ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ. ಪಾಲಿಸಿಯಲ್ಲಿರುವ ಅಂತರರಾಷ್ಟ್ರೀಯ ನಂಬರನ್ನು ಹೊರಡುವ ಮುಂಚೆಯೇ ಜೊತೆಗಾರರ ಫೋನಿಗೂ ಹಾಕಿಡಿ, ಹಾಸಿಗೆ ಹಿಡಿಯುವವರು ನೀವೇ ಆಗಿರಬಹುದು. ಸಣ್ಣ ಬಿಲ್ಲಾದರೆ ಕಟ್ಟಿ, ಡಾಕ್ಟರ ಚೀಟಿ ಮತ್ತು ಮೂಲ ರಸೀದಿ ಇಟ್ಟುಕೊಂಡು ಬಂದು ಕ್ಲೇಮು ಮಾಡಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಷೆಂಗೆನ್ ಗಡಿಗಳಲ್ಲಿ 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿನ ಮೊಹರಿನ ಬದಲು ಹಂತಹಂತವಾಗಿ ಡಿಜಿಟಲ್ ನೋಂದಣಿ ಬಂದಿದೆ, ಹೋಗಿಬಂದ ದಿನಕ್ಕೆ ಮೊಹರಿನ ಸಾಕ್ಷಿ ಸಿಗದಿರಬಹುದು.

ಕೊಳ್ಳುವುದು ಯಾವಾಗ? ಟಿಕೆಟ್, ಹೋಟೆಲ್ ಕಾದಿರಿಸಿದ ದಿನವೇ. ಪ್ರವಾಸ ರದ್ದಾದರೆ ಸಿಗುವ ಪರಿಹಾರ ಪಾಲಿಸಿ ಕೊಂಡ ಮೇಲೆ ಆದದ್ದಕ್ಕೆ ಮಾತ್ರ. ಅಜ್ಜಿ ಐಸಿಯು ಸೇರಿದ ಮರುದಿನ ಕೊಂಡರೆ ಅದು ಗೊತ್ತಿದ್ದ ಸಂಗತಿ ಎಂದಾಗುತ್ತದೆ. ಮನಸ್ಸು ಬದಲಾಗಿದ್ದಕ್ಕೆ ಪರಿಹಾರವಿಲ್ಲ. ವೀಸಾ ತಿರಸ್ಕಾರಕ್ಕೂ ಪ್ರತ್ಯೇಕವಾಗಿ ಸೇರಿಸಿರದಿದ್ದರೆ ಸಾಮಾನ್ಯವಾಗಿ ಇಲ್ಲ. ತಾರೀಖಿನಲ್ಲೂ ಎಡವುವವರಿದ್ದಾರೆ. ದೇವನಹಳ್ಳಿಯಿಂದ ಯುರೋಪಿನ ಎಷ್ಟೋ ವಿಮಾನಗಳು ಹೊರಡುವುದು ನಡುರಾತ್ರಿ ದಾಟಿದ ಮೇಲೆ, ವಾಪಸು ಇಳಿಯುವುದೂ ಅಪರಾತ್ರಿಯಲ್ಲೇ. ಇಳಿಯುವ ತಾರೀಖಿನ ಮೇಲೆ ಎರಡು ದಿನ ಹೆಚ್ಚು ಹಾಕಿಸಿ.

ಲಗೇಜಿನದು ಸುಲಭ. ಬೆಲ್ಟಿನಲ್ಲಿ ಪೆಟ್ಟಿಗೆ ಬರದಿದ್ದರೆ ಹಾಲ್ ಬಿಟ್ಟು ಹೊರಬರುವ ಮುಂಚೆಯೇ ಏರ್‌ಲೈನ್ ಕೌಂಟರಿನಲ್ಲಿ ಪಿಐಆರ್, ಅಂದರೆ ಲಗೇಜು ಬಾರದ್ದರ ವರದಿ, ಬರೆಸಿ, ಅದಿಲ್ಲದೆ ವಿಮಾ ಕ್ಲೇಮು ಕಷ್ಟ. ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಒಡೆದಿದ್ದರೆ 7 ದಿನದೊಳಗೆ ಏರ್‌ಲೈನ್‌ಗೆ ಲಿಖಿತ ದೂರು ಕೊಡಬೇಕು, 21 ದಿನವಾದರೂ ಬಾರದಿದ್ದರೆ ಕಳೆದುಹೋಯಿತೆಂದೇ ಲೆಕ್ಕ. ಒಡವೆ, ನಗದಿಗೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ.

ಯುವಕರ ಪ್ರವಾಸದಲ್ಲಿ ನಿಜವಾದ ಅಪಾಯ ಬಾಡಿಗೆ ಸ್ಕೂಟರು. ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ, ಕುಡಿದು ಓಡಿಸಿದರೆ ಪಾಲಿಸಿ ಕೈಬಿಡುತ್ತದೆ. ನಿಮ್ಮ ಲೈಸೆನ್ಸಿನಲ್ಲಿ ಎಲ್‌ಎಂವಿ (ಕಾರಿನಂಥ ಲಘು ವಾಹನ) ಮಾತ್ರ ಇದ್ದು ದ್ವಿಚಕ್ರದ ವರ್ಗ ಇಲ್ಲದಿದ್ದರೆ ಫುಕೆಟ್‌ನಲ್ಲಾಗಲಿ ಬಾಲಿಯಲ್ಲಾಗಲಿ ನೀವು ಲೈಸೆನ್ಸ್ ಇಲ್ಲದವರೇ. ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ಟೂ ಬೇಕು, ಅದರ ಅವಧಿ ಒಂದು ವರ್ಷ. ವಿಯೆಟ್ನಾಂನಲ್ಲಿ ಆ ಪರ್ಮಿಟ್ಟೂ ನಡೆಯುವುದಿಲ್ಲ: ಭಾರತ ಕೊಡುವುದು ರಸ್ತೆ ಸಂಚಾರದ 1949ರ ಜಿನೀವಾ ಒಪ್ಪಂದದ್ದು, ಅವರು ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಅಂಗಡಿಯವನು ಯಾವ ಕಾಗದವನ್ನೂ ಕೇಳದೆ ಕೀಲಿ ಕೈಗಿಡುವುದು ಬೇರೆ ಮಾತು. ಆ ದೇಶದ ಉತ್ತರದಲ್ಲಿರುವ ಹಾ ಜಾಂಗ್‌ನ ಬೆಟ್ಟದ ದಾರಿ ನೋಡಲೇಬೇಕೆಂದರೆ ಸ್ಥಳೀಯ ಸವಾರನ ಹಿಂದೆ ಕೂತು ಹೋಗುವ ವ್ಯವಸ್ಥೆ ಅಲ್ಲೇ ಇದೆ, ‘ಈಜಿ ರೈಡರ್’ ಎಂದು ಕೇಳಿದರೆ ಸಿಗುತ್ತದೆ. ಹಿಂದೆ ಕೂತವರ ಗಾಯಕ್ಕೆ ಪಾಲಿಸಿ ಕೊಡುತ್ತದೆಯೇ ಎಂದು ಕೊಳ್ಳುವ ಮುಂಚೆ ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ.