ಬರೆದದ್ದನ್ನು ಮಿಸ್ ನೋಡುತ್ತಾರಾ?

ಶಿರಸಿಯಿಂದ ಒಳಗಿರುವ ನಮ್ಮ ಊರಿನಲ್ಲಿ ಮೊಬೈಲ್ ಸಿಗ್ನಲ್ ನೆಟ್ಟಗೆ ಸಿಗುವುದು ಮನೆಯ ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಐದನೇ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಹೊರಡಿಸಿದ್ದ ಆದೇಶಕ್ಕೆ 2020ರ ಜುಲೈ 8ರಂದು ಹೈಕೋರ್ಟು ತಡೆ ಕೊಟ್ಟ ಮೇಲೆ, ನನ್ನ ಮಗನ ಮೂರನೇ ತರಗತಿ ಆರಂಭವಾದದ್ದು ಆ ಮೂಲೆಯಲ್ಲಿಯೇ, ಬೋರಲು ಹಾಕಿದ ಕೊಳಗದ ಮೇಲೆ ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ನನ್ನ ಫೋನಿನಲ್ಲಿ. ಮೊದಲ ದಿನ ಅವನು ಸಮವಸ್ತ್ರ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಪಾಠಕ್ಕೆ ಅರ್ಧ ಗಂಟೆ ಮೊದಲೇ ಬಂದು ಕುಳಿತಿದ್ದ.

ಆ ಉತ್ಸಾಹ ಮೂರು ವಾರ ಉಳಿಯಲಿಲ್ಲ. ಹಾಜರಿ ಕೂಗಿದಾಗ "ಎಸ್ ಮಿಸ್" ಎಂದು ಹೇಳಿ, ಕ್ಯಾಮೆರಾ ಆರಿಸಿ, ಹೆಂಚಿನಿಂದ ಸೋರಿದ ಮಳೆನೀರಿನಲ್ಲಿ ಬೆರಳದ್ದಿ ನೆಲದ ಮೇಲೆ ಇರುವೆಗಳ ಚಿತ್ರ ಬರೆಯುತ್ತ ಕೂರುತ್ತಿದ್ದ. ನಾನು ಮೊದಲು ಗದರಿಸಿದೆ. ಅದು ನಡೆಯದಿದ್ದಾಗ, ಇಡೀ ದಿನದ ಪಾಠ ಕೇಳಿದರೆ ಒಂದು ಚಿಕ್ಕಿ ಕೊಡುವುದೆಂದು ಒಪ್ಪಂದ ಮಾಡಿಕೊಂಡೆ. ಐದನೆಯ ದಿನ ಅವನು ಬಂದು, "ಅಮ್ಮಾ, ನಾಳೆ ಚಿಕ್ಕಿಯೂ ಬೇಡ, ಕ್ಲಾಸೂ ಬೇಡ, ಆಗ್ತದಾ?" ಎಂದು ಕೇಳಿದ. ಆಸೆ ತೋರಿಸಿ ಕೂರಿಸಿದ ಮಗು ಆಸೆ ತೀರಿದೊಡನೆ ಎದ್ದು ಹೋಗುತ್ತದೆಂದು ನನಗೆ ಅಂದು ತಿಳಿಯಿತು. ಮತ್ತೆ ಆ ದಾರಿಗೆ ನಾನು ಹೋಗಲಿಲ್ಲ.

ಆಗಸ್ಟಿನಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಅವರಿದ್ದಲ್ಲಿಗೇ ಹೋಗಿ ಪಾಠ ಹೇಳುವ 'ವಿದ್ಯಾಗಮ' ಯೋಜನೆ ಆರಂಭವಾಗಿ, ನಮ್ಮೂರಿನ ಮಾಸ್ತರರು ದೇವಸ್ಥಾನದ ಜಗುಲಿಗೆ ಬಂದು ಏಳೆಂಟು ಮಕ್ಕಳನ್ನು ಅಂತರ ಬಿಟ್ಟು ಕೂರಿಸಿ ಪಾಠ ಹೇಳತೊಡಗಿದರು. ಖಾಸಗಿ ಶಾಲೆಯವನಾದ ನನ್ನ ಮಗ ದೂರದ ಕಂಬಕ್ಕೆ ಒರಗಿ ನಿಂತು ಅದನ್ನೇ ನೋಡುತ್ತಿದ್ದ. ಮಾಸ್ತರರು ಒಬ್ಬೊಬ್ಬರ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, "ಇಲ್ಲಿ ನೋಡು, ಇದೊಂದು ತಪ್ಪಿದೆ" ಎಂದು ಹೇಳಿ ತಿರುಗಿ ಕೊಡುತ್ತಿದ್ದರು. ಆ ರಾತ್ರಿ ಊಟದ ಹೊತ್ತಿಗೆ ಅವನು ಕೇಳಿದ: "ನಾನು ಬರೆದದ್ದನ್ನು ಮಿಸ್ ನಿಜವಾಗಿ ನೋಡ್ತಾರಾ?"

ಊಟ ಮುಗಿಸಿ ವಾಟ್ಸ್‌ಆ್ಯಪ್ ಗುಂಪು ತೆರೆದು ನೋಡಿದೆ. ಒಂದೇ ಸಂಜೆಗೆ ಮೂವತ್ತಕ್ಕೂ ಹೆಚ್ಚು ಮಕ್ಕಳ ಹೋಮ್‌ವರ್ಕ್ ಫೋಟೋಗಳಿದ್ದವು. ಕೆಳಗೆ ಎಲ್ಲರಿಗೂ ಸೇರಿ ಒಂದು ಹೆಬ್ಬೆರಳಿನ ಗುರುತಿತ್ತು. ಇದರಲ್ಲಿ ಶಿಕ್ಷಕಿಯ ತಪ್ಪಿಲ್ಲ, ಅವರ ಮೇಲೆ ಎರಡು ತರಗತಿಗಳ ಭಾರವೂ ಮನೆಯ ಭಾರವೂ ಇದ್ದವು. ಆದರೆ ನನ್ನ ಮಗನ ಸಮಸ್ಯೆ ಸೋಮಾರಿತನವಲ್ಲ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಶಾಲೆಯಲ್ಲಿ ಪಕ್ಕದವನು ಇಣುಕುತ್ತಾನೆ, ಶಿಕ್ಷಕಿ ಬೆನ್ನ ಹಿಂದೆ ನಿಲ್ಲುತ್ತಾರೆ, ತಪ್ಪು ಬರೆದರೂ ಅದನ್ನು ಯಾರೋ ಒಬ್ಬರು ನೋಡಿರುತ್ತಾರೆ. ಪರದೆಯ ಮುಂದೆ ಕುಳಿತ ಮಗುವಿಗೆ ಅದೊಂದೂ ಇಲ್ಲ. ಯಾರೂ ನೋಡದ ಅಕ್ಷರವನ್ನು ಎಂಟು ವರ್ಷದ ಹುಡುಗ ಯಾಕಾಗಿ ಚೆನ್ನಾಗಿ ಬರೆಯಬೇಕು?

ಮರುದಿನ ಶಿಕ್ಷಕಿಗೆ ಫೋನ್ ಮಾಡಿ, ವಾರಕ್ಕೊಮ್ಮೆ ಅರ್ಧ ನಿಮಿಷದ ಧ್ವನಿಸಂದೇಶ ಕಳಿಸಲು ಸಾಧ್ಯವೇ ಎಂದು ಸಂಕೋಚದಿಂದಲೇ ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಮೊದಲ ಸಂದೇಶದಲ್ಲಿ, "ಕಳೆದ ವಾರ ನಿನ್ನ 'ಳ' ಗೆರೆಯ ಕೆಳಗೆ ಜಾರಿತ್ತು, ಈ ವಾರ ಗೆರೆಯ ಮೇಲೆ ನೆಟ್ಟಗೆ ಕೂತಿದೆ" ಎಂದಿದ್ದರು. ಜಾಣ, ಒಳ್ಳೆಯ ಹುಡುಗ ಎಂಬ ಮಾತು ಅದರಲ್ಲಿ ಇರಲಿಲ್ಲ. ಅವನು ಅದನ್ನು ಏಳು ಸಲ ಹಾಕಿಸಿಕೊಂಡು ಕೇಳಿದ; ಮರುದಿನ ಬೆಳಿಗ್ಗೆ ಯಾರೂ ಹೇಳದೆ ಒಂದು ಪುಟದ ತುಂಬ 'ಳ' ಬರೆದಿಟ್ಟಿದ್ದ.

ಮಿಕ್ಕ ಬದಲಾವಣೆಗಳು ಸಣ್ಣವು. ಒಂದರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತ ಹೆಚ್ಚು ಬೇಡವೆಂದು ಕೇಂದ್ರದ 'ಪ್ರಜ್ಞಾತ' ಮಾರ್ಗಸೂಚಿ ಹೇಳಿದ್ದರಿಂದ, ಮೂರನೆಯ ಅವಧಿಯನ್ನು ಶಿಕ್ಷಕಿಯ ಒಪ್ಪಿಗೆಯಿಂದಲೇ ಬಿಟ್ಟೆವು. ಗೋಡೆಗೆ ನಕ್ಷತ್ರ ಅಂಟಿಸುವ ಚಾರ್ಟು ಎರಡು ದಿನದಲ್ಲಿ ಮೂಲೆ ಸೇರಿತು.

ನಿಜವಾಗಿ ಕೆಲಸ ಮಾಡಿದ್ದು ನನ್ನ ಅತ್ತೆಯವರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವರು ಪ್ರತಿ ಸಂಜೆ ವೀಳ್ಯ ಮಡಚುತ್ತ, "ಇವತ್ತು ಏನು ಹೇಳಿಕೊಟ್ಟರು, ನಂಗೂ ಹೇಳು" ಎಂದು ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಎಲೆ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆಂದು ಅವನು ಹೇಳಿದಾಗ, "ಹಾಗಾದರೆ ರಾತ್ರಿ ಅದಕ್ಕೆ ಉಪವಾಸವಾ?" ಎಂದು ಅವರು ನಿಜವಾದ ಕುತೂಹಲದಿಂದ ಕೇಳಿದರು. ಉತ್ತರ ಗೊತ್ತಿಲ್ಲದ ಅವನು ಮರುದಿನ ಪಾಠದಲ್ಲಿ ತಾನಾಗಿ ಕ್ಯಾಮೆರಾ ಹಾಕಿ, ಕೈ ಎತ್ತಿ, ಅಜ್ಜಿಯ ಪ್ರಶ್ನೆಯನ್ನು ಮುಂದಿಟ್ಟ. ಗಾಳಿಮಳೆಗೆ ಕರೆಂಟು, ಸಿಗ್ನಲ್ ಎರಡೂ ಹೋದ ದಿನಗಳಲ್ಲಿ ಅಜ್ಜಿಯೇ ಅವನ ತರಗತಿಯಾಗಿದ್ದರು.

ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹಿಂದಿನ ರಾತ್ರಿ ಅವನು ನಾಲ್ಕನೇ ತರಗತಿಯ ಪುಸ್ತಕಗಳ ಜೊತೆಗೆ ಹಿಂದಿನ ವರ್ಷದ ಮೂರು ಪಟ್ಟಿಗಳನ್ನೂ ಚೀಲಕ್ಕೆ ತುಂಬುತ್ತಿದ್ದ. ಅವು ಯಾಕೆ, ಹಳೆಯವಲ್ಲವೇ ಎಂದು ಕೇಳಿದೆ. ಚಿತ್ರಗಳಿದ್ದ ಪುಟಗಳ ಮೂಲೆ ಮಡಚುತ್ತ, "ಫೋಟೋದಲ್ಲಿ ಮಿಸ್‌ಗೆ ಬಣ್ಣ ಸರಿಯಾಗಿ ಕಂಡಿರಲಿಕ್ಕಿಲ್ಲ" ಎಂದ.