ಪದ ತಿಳೀಲಿಲ್ಲಂದ್ರ ರಾಕ್ ಬ್ಯಾಂಡಿನ ಲೈವ್ ವಿಡಿಯೋದಾಗ ಏನ್ ನೋಡ್ತಿ?

ಗಂಗಾವತಿಯೊಳಗ ನನ್ನ ಪರಿಚಯದವ್ರು ಎಲ್ಲಾರೂ ಒಮ್ಮೆರ ಕೇಳೇ ಕೇಳ್ತಾರ, "ಅಣ್ಣಾ, ಆ ಇಂಗ್ಲಿಷ್ ಪದ ಒಂದೂ ತಿಳಿಯಂಗಿಲ್ಲ, ಬರೀ ಗದ್ದಲ, ರಾತ್ರಿ ಕುಂತು ಅದೇ ಲೈವ್ ವಿಡಿಯೋ ಏನ್ ನೋಡ್ತಿ?" ಅಂತ. ಇನ್ನ ಕೆಲವು ಹುಡುಗ್ರು "ಒಂದ್ ಛಲೋದು ಹೇಳ್ರಿ, ನಾವೂ ನೋಡ್ತೀವಿ" ಅಂತಾರ. ಎರಡಕ್ಕೂ ಉತ್ತರ ಒಂದೇ ಐತಿ. ಬರೀ ಹಾಡು ಬೇಕಂದ್ರ ಸ್ಟುಡಿಯೋ ರೆಕಾರ್ಡಿಂಗ್ ಐತಲ್ರಿ, ಲೈವ್ ವಿಡಿಯೋ ಹಚ್ಚಿದಾಗ ನಾನು ನೋಡೋದು ಕೈ ಮತ್ತ ಕಣ್ಣು. ನಾಕೈದು ಮಂದಿ ಕೂಡಿ ಬಾರಿಸೋವಾಗ ಯಾರು ಯಾರ ಮಾರಿ ನೋಡ್ತಾರ, ಯಾರು ಸನ್ನಿ ಮಾಡ್ತಾರ, ಆ ಸನ್ನಿ ಹಿಡಿದು ಯಾರು ಲಯ ಏರಿಸ್ತಾರ, ಅದು.

ನಮ್ಮ ಕಡೆ ಭಜನಿ ನೋಡಿದವ್ರಿಗೆ ಇದು ಹೊಸಾದಲ್ಲ. ಶ್ರಾವಣದಾಗ ಗುಡಿ ಕಟ್ಟಿ ಮ್ಯಾಲೆ ಪೇಟಿ ಬಾರಿಸೋರು ತಲಿ ಎತ್ತಿ ತಬಲಾದವ್ರ ಕಡೆ ಒಂದ್ಸಲ ನೋಡಿದ್ರ ಸಾಕು, ತಾಳ ದಮ್ಮಡಿ ಎಲ್ಲಾ ಓಡಾಕ ಹತ್ತತಾವ, ಮುಂದ ಕುಂತವ್ರಿಗೆ ಏನ್ ಆತು ಅಂತ ಗೊತ್ತಾಗೂದ್ರೊಳಗ ಹಾಡು ಬ್ಯಾರೆ ಕಡೆ ಹೋಗಿರ್ತೈತಿ. ರಾಕ್ ಬ್ಯಾಂಡಿನೊಳಗೂ ನಾನು ಹುಡುಕೋದು ಅದನ್ನ.

ಅದ್ಕ ಮೊದಲು ಅಮೆರಿಕಾದ ಸಂಟಾನಾ ಅನ್ನೋ ಬ್ಯಾಂಡ್ ನೋಡ್ರಿ ಅಂತೀನಿ. 1969ರ ಆಗಸ್ಟ್, ವುಡ್‌ಸ್ಟಾಕ್ ಅನ್ನೋ ದೊಡ್ಡ ಬಯಲು ಸಂಗೀತ ಹಬ್ಬ, ಹಾಡು ಸೋಲ್ ಸ್ಯಾಕ್ರಿಫೈಸ್, ಅದರಾಗ ಪದಗಳೇ ಇಲ್ಲ, ಹಂಗಾಗಿ ತಿಳಿಯಂಗಿಲ್ಲ ಅನ್ನೋ ಮಾತೇ ಬರಂಗಿಲ್ಲ! ಅವ್ರ ಮೊದಲ ಆಲ್ಬಮ್ ಇನ್ನೂ ಹೊರಗ ಬಂದಿರಲಿಲ್ಲ, ಮುಂದ ಲಕ್ಷಗಟ್ಟಲೆ ಮಂದಿ. ಡ್ರಮ್ಸ್ ಬಾರಿಸೋ ಮೈಕಲ್ ಶ್ರೀವ್‌ಗೆ ಆಗ 20 ವರ್ಷ. ಅವನ ಸೋಲೋ ನಡುವ ಸಪ್ಪಳ ಪೂರ್ತಿ ಇಳಿಸ್ತಾನ, ಕಡ್ಡಿ ತುದಿ ಅಷ್ಟೇ ಆಡ್ತಿರ್ತೈತಿ, ಮತ್ತ ಅಲ್ಲಿಂದ ಮೇಲೆ ತಗೊಂಡು ಬಂದು ಬ್ಯಾಂಡ್ ಪೂರ್ತಿ ಕೂಡ್ತೈತಿ ನೋಡ್ರಿ, ನನಗ ಇವತ್ತಿಗೂ ಮೈ ಝುಂ ಅಂತೈತಿ.

ಆದ್ರ ನನ್ನ ಎದಿಯೊಳಗ ಇರೋದು ಪಿಂಕ್ ಫ್ಲಾಯ್ಡ್ ಬ್ಯಾಂಡಿನವ್ರ ಪಾಂಪೇ ವಿಡಿಯೋ. 1971ರ ಅಕ್ಟೋಬರ್‌ನಾಗ, ಇಟಲಿಯೊಳಗ ಜ್ವಾಲಾಮುಖಿ ಬೂದಿಯಾಗ ಹೂತುಹೋಗಿದ್ದ ಊರಿನ ಹಳೇ ಕಲ್ಲಿನ ಬಯಲು ರಂಗಮಂದಿರದಾಗ ಚಿತ್ರೀಕರಣ ಮಾಡ್ಯಾರ, ಪ್ರೇಕ್ಷಕರು ಅಂತ ಒಬ್ಬರೂ ಇಲ್ಲ. ಹಾಡು ಮೊದಲೇ ಹಚ್ಚಿ ತುಟಿ ಆಡಿಸೋದು ಬ್ಯಾಡ, ನಾವು ಬಾರಿಸೇ ಬಾರಿಸ್ತೀವಿ ಅಂತ ಎಲ್ಲಾ ಸಾಮಾನು ಅಲ್ಲಿಗೇ ಹೊತ್ತೊಯ್ದರು, ಅಲ್ಲಿ ನೋಡಿದ್ರ ಕರೆಂಟ್ ಸಾಲಲಿಲ್ಲ, ಊರೊಳಗಿಂದ ಉದ್ದಕ ಕೇಬಲ್ ಎಳಕೊಂಡು ಬಂದ ಮ್ಯಾಲೇ ಕೆಲಸ ಶುರುವಾತು. ಅದರಾಗ ಒನ್ ಆಫ್ ದೀಸ್ ಡೇಸ್ ಅಂತ ಒಂದು ಹಾಡು ಬರ್ತೈತಿ, ಕ್ಯಾಮೆರಾ ಬಾಳ ಹೊತ್ತು ಡ್ರಮ್ಮರ್ ನಿಕ್ ಮೇಸನ್ ಮ್ಯಾಲೇ ಇರ್ತೈತಿ, ಜೋರಾಗಿ ಬಾರಿಸೋವಾಗ ಕೈಯಾಗಿನ ಕಡ್ಡಿ ಜಾರಿ ಹೋಗ್ತೈತಿ, ಅಂವ ನಿಲ್ಲಂಗಿಲ್ಲ, ಇನ್ನೊಂದು ಕೈ ಬಾರಿಸ್ತಾ ಇರೋವಾಗಲೇ ಹೊಸ ಕಡ್ಡಿ ತಗೊಂಡು ಮುಂದ ಹೋಗ್ತಾನ. ಸ್ಟುಡಿಯೋ ರೆಕಾರ್ಡಿಂಗ್‌ನಾಗ ಇಂಥಾದು ಸಿಗಂಗಿಲ್ಲ, ಸಿಕ್ಕರೂ ಕತ್ತರಿಸಿ ಒಗೀತಾರ. 2025ರಾಗ ಇದರ ಹಳೇ ರೀಲ್ ಸ್ವಚ್ಛ ಮಾಡಿ ಹೊಸದಾಗಿ ಬಿಡುಗಡೆ ಮಾಡಿದ್ರು, ಈಗ ಬೆರಳು ಬೆರಳು ಕಾಣ್ತಾವ. ಹೊಳಿ ದಾಟಿದ್ರ ಹಂಪಿ ಅನ್ನೋ ಜಾಗದಾಗ ಬೆಳೆದ ನಾನು ಆನೆಗುಂದಿ ಬಂಡಿಗಲ್ಲಿನ ಮ್ಯಾಲೆ ಕುಂತು ಇದನ್ನ ಹೆಡ್‌ಫೋನ್ ಹಾಕ್ಕೊಂಡು ನೋಡೇನಿ, ಮಂದಿ ಇಲ್ಲದ ಕಲ್ಲಿನ ನಡುವ ಬಾಜಾ ಹೆಂಗ ಕೇಳಿಸ್ತೈತಿ ಅನ್ನೋ ಆಸೆ ಇಲ್ಲಿಯವ್ರಿಗೆ ಜಾಸ್ತಿ ಇರ್ತೈತಿ ಅಂತ ನನಗ ಅನಸ್ತೈತಿ.

ಕ್ವೀನ್ ಬ್ಯಾಂಡಿಂದು ಎಲ್ಲಾರೂ ಹೇಳ್ತಾರ, 1985ರ ಜುಲೈ 13, ಲೈವ್ ಏಡ್ ಅನ್ನೋ ಸಹಾಯಾರ್ಥ ಕಾರ್ಯಕ್ರಮ, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, ಬರೀ 20 ನಿಮಿಷದ ಆಸುಪಾಸು. ರೇಡಿಯೋ ಗಾ ಗಾ ಹಾಡಿಗೆ ಇಡೀ ಸ್ಟೇಡಿಯಂ ಒಟ್ಟಿಗೆ ಚಪ್ಪಾಳಿ ಹೊಡಿಯೋದು ನೋಡಾಕೇ ಬೇಕು, ಖರೆ. ಆದ್ರ ಅದು ಮಂದಿಯನ್ನ ಹಿಡಿಯೋ ವಿದ್ಯೆ, ಬ್ಯಾಂಡಿನ ಒಳಗಿನ ಮಾತುಕತಿ ಅಲ್ಲಿ ಕಮ್ಮಿ ಕಾಣ್ತೈತಿ.

ನಿರ್ವಾಣಾ ಬ್ಯಾಂಡಿನವ್ರ ಎಂಟಿವಿ ಅನ್‌ಪ್ಲಗ್ಡ್ ಅನ್ನೋ ಟಿವಿ ಕಾರ್ಯಕ್ರಮ ಬ್ಯಾರೆ ತರ, 1993ರ ನವೆಂಬರ್, ನ್ಯೂಯಾರ್ಕ್. ಗದ್ದಲ ಇಲ್ಲ, ಕುರ್ಚಿ ಮ್ಯಾಲೆ ಕುಂತು ಬಾರಿಸ್ತಾರ. ಕೊನೀ ಹಾಡಿನ ಕೊನೀ ಸಾಲಿನಾಗ ಹಾಡುಗಾರ ಕರ್ಟ್ ಕೊಬೇನ್ ತಟ್ಟನೆ ಕಣ್ಣು ತೆಗೆದು ಒಂದು ಉಸಿರು ಎಳಕೋತಾನ, ಆಮ್ಯಾಲೆ ಉಳಿದ ಪದ ಹಾಡ್ತಾನ. ಮುಂದಿನ ಏಪ್ರಿಲ್‌ನಾಗ ಅಂವ ತೀರಿಕೊಂಡ. ಇದನ್ನ ನಾನು ಪದೇ ಪದೇ ನೋಡಂಗಿಲ್ಲ, ಆಗಂಗಿಲ್ಲ.

"ಕನ್ನಡದಾಗ ಏನಿಲ್ಲೇನ್ರಿ?" ಅಂತಾರ. ಐತಿ, ರಘು ದೀಕ್ಷಿತ್ ಪ್ರಾಜೆಕ್ಟ್‌ನವ್ರು ಶರೀಫಜ್ಜನ ಲೋಕದ ಕಾಳಜಿ ಹಾಡೋ ಲೈವ್ ವಿಡಿಯೋ ನೋಡ್ರಿ, ಏಕತಾರಿ ಮ್ಯಾಲೆ ಕೇಳಿದ ತತ್ವಪದಕ್ಕ ಗಿಟಾರ್ ಡ್ರಮ್ಸ್ ಹೆಂಗ ಹೊಂದ್ತಾವ ಅಂತ ತಿಳೀತೈತಿ. ಮೆಟಾಲಿಕಾದವ್ರು 2011ರ ಅಕ್ಟೋಬರ್ 30ಕ್ಕ ಬೆಂಗಳೂರು ಅರಮನೆ ಮೈದಾನಕ್ಕೇ ಬಂದಿದ್ರು, ಅಂಥಾ ಬ್ಯಾಂಡು ಕೊಪ್ಪಳ ರಾಯಚೂರಿಗೆ ಬರಂಗಿಲ್ಲ, ನಮಗ ಒಂದೋ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಇಲ್ಲಾಂದ್ರ ಈ ವಿಡಿಯೋಗಳು.

ಒಂದು ಮಾತು, ಫೋನಿನ ಸ್ಪೀಕರ್‌ನಾಗ ಮಾತ್ರ ನೋಡಬ್ಯಾಡ್ರಿ, ಬೇಸ್ ಗಿಟಾರ್ ಕೇಳಿಸಂಗೇ ಇಲ್ಲ, ಬರೀ ಚೀರಾಟ ಉಳಿದು ಗದ್ದಲ ಅನಸ್ತೈತಿ. ಇಯರ್‌ಫೋನ್ ಹಾಕ್ಕೋರಿ, ಸಂಟಾನಾ ಹಚ್ಚರಿ, ಒಂದ್ಸಲ ಡ್ರಮ್ಮರ್‌ನ ನೋಡ್ರಿ, ಎರಡನೇ ಸಲ ಅವನ್ನ ಬಿಟ್ಟು ಕಾಂಗಾ, ಅಂದ್ರ ಕೈಲೇ ಬಾರಿಸೋ ಉದ್ದನ್ನ ಡೋಲು, ಬಾರಿಸೋರ ಕೈ ನೋಡ್ರಿ. ಆಮ್ಯಾಲೆ ನನಗ ಫೋನ್ ಮಾಡ್ರಿ, ಪಾಂಪೇದು ಕುಂತು ಕೂಡೇ ನೋಡೋಣು.